ಭುಜಕ್ಕೆ ಕತ್ತಿ ಬಿದ್ದವನು ಮರುದಿನ ನೀರು ಸೇದಬಹುದೇ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಎಂಟು ಮಂದಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಕನ್ನಡದಲ್ಲೇ ರೋಲ್‌ಪ್ಲೇ ಆಡುತ್ತೇವೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಪೋಸ್ಟ್ ಬರೆದು ಕಥೆ ಕಟ್ಟುತ್ತೇವೆ. ಎಲ್ಲರೂ ಹದಿನೆಂಟು ದಾಟಿದವರು. ಕಥೆ ನಡೆಯುವುದು ಕೆಳದಿ ಅರಸರ ಕಾಲದ ಬೇಕಲ ಕೋಟೆಯಲ್ಲಿ. ದುಗ್ಗಪ್ಪ ಎಂಬ ಪಾತ್ರದ ಬಲಭುಜಕ್ಕೆ ಕತ್ತಿಯೇಟು ಬಿತ್ತು. ಕಥೆಯ ಲೆಕ್ಕದಲ್ಲಿ ಎರಡೇ ದಿನಕ್ಕೆ ಅವನು ಮತ್ತೆ ಕಾಳಗಕ್ಕೆ ಇಳಿದ. ಇನ್ನೊಂದು ಪಾತ್ರ ಕೋಟೆಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡಿದೆ. ಅದನ್ನು ಆಡುವವರು ಪ್ರತಿ ಪೋಸ್ಟ್‌ನಲ್ಲೂ "ಅಯ್ಯೋ ಅಮ್ಮಾ" ಎಂದು ಕಿರುಚಿಸುತ್ತಾರೆ. ಕಾವಲುಗಾರನ ತಲೆಗೆ ಹೊಡೆದು ಒಂದು ಗಂಟೆ ಎಚ್ಚರ ತಪ್ಪಿಸಬಹುದೇ ಎಂಬುದಕ್ಕೆ ಗುಂಪಿನಲ್ಲಿ ಜಗಳವೇ ಆಯಿತು. ಗಾಯ, ನೋವು ನಿಜವೆನಿಸುವ ಹಾಗೆ ಬರೆಯುವುದು ಹೇಗೆ? "ತಡೆಯಲಾಗದ ನೋವು" ಬಿಟ್ಟರೆ ನಮಗೆ ಬೇರೆ ಮಾತೇ ಸಿಗುವುದಿಲ್ಲ.

ಉತ್ತರ: ನಿಮ್ಮಲ್ಲಿ ಕಡಿಮೆ ಬಿದ್ದಿರುವುದು ಮಾತಲ್ಲ, ಲೆಕ್ಕ. ಗಾಯ ಬರೆಯುವವರು ಹೆಚ್ಚಾಗಿ ನೋವಿನಿಂದ ಶುರು ಮಾಡುತ್ತಾರೆ. ಎದುರಿನ ಆಟಗಾರನಿಗೆ ಅದರಲ್ಲಿ ಹಿಡಿದುಕೊಳ್ಳಲಿಕ್ಕೆ ಏನೂ ಇರುವುದಿಲ್ಲ. "ಅವನಿಗೆ ತಡೆಯಲಾಗದ ನೋವಾಯಿತು" ಎಂದರೆ ಮುಂದಿನವರು "ಅಯ್ಯೋ ಪಾಪ" ಎನ್ನಬಹುದು, ಅಷ್ಟೆ. "ಅವನಿಗೆ ಬಲತೋಳು ಎತ್ತಲಿಕ್ಕೆ ಆಗಲಿಲ್ಲ" ಎಂದರೆ ಮುಂದಿನವರಿಗೆ ಕೆಲಸ ಸಿಕ್ಕಿತು: ಬಾಗಿಲಿನ ಅಗುಳಿ ಯಾರು ತೆಗೆಯುವುದು, ಅವನ ಬಲಬದಿ ಯಾರು ಕಾಯುವುದು, ಮುಂಡಾಸು ಯಾರು ಸುತ್ತುವುದು. ಪೋಸ್ಟ್ ಬರೆಯುವ ಮೊದಲೇ ಮೂರು ಸಂಗತಿ ತೀರ್ಮಾನ ಆಗಿರಲಿ. ಪೆಟ್ಟು ಎಲ್ಲಿಗೆ, ಎಷ್ಟು ಆಳಕ್ಕೆ, ಅದರಿಂದ ಯಾವ ಕೆಲಸ ನಿಂತಿತು. ನೋವಿನ ಮಾತು ಕಡೆಗೆ, ಉಪ್ಪು ಹಾಕಿದ ಹಾಗೆ.

ದುಗ್ಗಪ್ಪನ ಭುಜವನ್ನೇ ತೆಗೆದುಕೊಳ್ಳಿ. ರೋಲ್‌ಪ್ಲೇ ಆಡುವವರಿಗೆ ಭುಜವೆಂದರೆ ಬಹಳ ಪ್ರೀತಿ; ಪೆಟ್ಟು ಬಿದ್ದಂತೆಯೂ ಆಯಿತು, ಪಾತ್ರ ಉಳಿದಂತೆಯೂ ಆಯಿತು ಎಂಬ ಲೆಕ್ಕ. ನಿಜದಲ್ಲಿ ಅದು ಅಂಥ ಸುರಕ್ಷಿತ ಜಾಗವಲ್ಲ. ಕತ್ತಿ ಹೊರಬದಿಯ ದಪ್ಪ ಮಾಂಸಕ್ಕೆ ಬಿದ್ದರೆ ಬೆರಳು, ಮುಷ್ಟಿ, ಮೊಣಕೈ ಎಲ್ಲ ಸರಿ ಇರುತ್ತದೆ, ಆದರೆ ತೋಳನ್ನು ಪಕ್ಕಕ್ಕೆ ಎತ್ತಲಿಕ್ಕೆ ಆಗುವುದಿಲ್ಲ. ಅದೇ ಏಟು ನಾಲ್ಕು ಬೆರಳು ಒಳಗೆ, ಕೊರಳೆಲುಬಿನ ಕೆಳಗೆ ಇಳಿದರೆ ಕಥೆ ಬೇರೆ. ತೋಳಿಗೆ ಹೋಗುವ ದೊಡ್ಡ ರಕ್ತನಾಳವೂ ನರಗಳ ಕಟ್ಟೂ ಅಲ್ಲೇ ಹಾದುಹೋಗುತ್ತವೆ. ರಕ್ತನಾಳ ಕಡಿದರೆ ಅದನ್ನು ಕಟ್ಟಿ ನಿಲ್ಲಿಸಲಿಕ್ಕೆ ಜಾಗವೇ ಇಲ್ಲ, ಮನುಷ್ಯ ಕೆಲವೇ ನಿಮಿಷದಲ್ಲಿ ಮುಗಿದ. ನರ ಕಡಿದರೆ ಕೈ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಯಾವುದು ಎಂದು ನೀವೇ ಆರಿಸಬೇಕು. ಮಾಂಸದವರೆಗೆ ಎಂದಿಟ್ಟುಕೊಳ್ಳೋಣ, ಕಥೆಗೆ ಅದೇ ಲಾಭ.

ಹಾಗಾದರೆ ಮರುದಿನ ಅವನು ಬಾವಿಯಿಂದ ನೀರು ಸೇದಲಾರ. ಎರಡೂ ಕೈ ತಲೆಯ ಮಟ್ಟಕ್ಕೆ ಹೋಗದೆ ಹಗ್ಗ ಎಳೆಯಲಿಕ್ಕೆ ಬರುವುದಿಲ್ಲ. ತಲೆ ಮೇಲೆ ತಂಬಿಗೆ ನೀರು ಹೊಯ್ದುಕೊಳ್ಳಲಾರ. ಬಲಮಗ್ಗುಲಲ್ಲಿ ಮಲಗಲಾರ. ಊಟಕ್ಕೆ ಕುಳಿತಾಗ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಕೈಯನ್ನು ಬಾಯಿಗೆ ತರುವ ಬದಲು ಬಾಯಿಯನ್ನೇ ಎಲೆಯ ಕಡೆಗೆ ಬಗ್ಗಿಸಿ ತುತ್ತು ತಿನ್ನುತ್ತಾನೆ. ಈ ಒಂದು ಚಿತ್ರ ಬರೆದರೆ ಹತ್ತು "ತಡೆಯಲಾಗದ ನೋವು" ಬೇಡ. ಬರೀ ಚರ್ಮದ ಗಾಯವಾದರೆ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ. ಮಾಂಸ ಕಡಿದದ್ದಾದರೆ ಭಾರ ಎತ್ತಲಿಕ್ಕೆ ಆರು ವಾರ, ಕತ್ತಿ ಬೀಸಲಿಕ್ಕೆ ಮೂರು ತಿಂಗಳು ಹಿಡಿಯಿರಿ. ಮೂರು ತಿಂಗಳಾದರೂ ಕೂಡಿಕೊಂಡ ಚರ್ಮಕ್ಕೆ ಮೊದಲಿನ ಬಲದ ಸುಮಾರು ನೂರಕ್ಕೆ ಎಂಬತ್ತರಷ್ಟೇ ಬರುವುದು. ಪೂರ್ತಿ ಎಂದೂ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದವರೂ ಎರಡನೇ ದಿನಕ್ಕೆ ಪಾತ್ರವನ್ನು ಎಬ್ಬಿಸುವುದುಂಟು. ಕಾರಣ ಅಜ್ಞಾನವಲ್ಲ, ಎರಡು ಗಡಿಯಾರ. ಕಥೆಯಲ್ಲಿ ಹತ್ತು ನಿಮಿಷದ ಕಾಳಗವನ್ನು ನೀವು ಎಂಟು ಮಂದಿ ಸೇರಿ ಮೂರು ವಾರದ ಸಂಜೆಗಳಲ್ಲಿ ಆಡುತ್ತೀರಿ. ಪೆಟ್ಟು ಬಿದ್ದ ಪೋಸ್ಟ್ ಮೇಲೆ ಇನ್ನೂರು ಪೋಸ್ಟ್ ಬಿದ್ದಿರುತ್ತದೆ. ಆಡುವವನ ಮನಸ್ಸಿಗೆ ಗಾಯ ಹಳೆಯದಾಯಿತು, ಪಾತ್ರದ ಮೈಗೆ ಇನ್ನೂ ರಕ್ತ ಆರಿಲ್ಲ. ಇದಕ್ಕೆ ಮದ್ದು ಚಾನೆಲ್‌ನಲ್ಲಿ ಪಿನ್ ಮಾಡಿದ ಒಂದು ಗಾಯದ ಚೀಟಿ. ಹೀಗೆ:

ದುಗ್ಗಪ್ಪ. ಬಲಭುಜದ ಹೊರಬದಿ, ಮಾಂಸದವರೆಗೆ. ಪೆಟ್ಟು ಬಿದ್ದದ್ದು ಕಥೆಯ 4ನೇ ದಿನ ಸಂಜೆ. ಆಗದ್ದು: ತೋಳು ಎತ್ತುವುದು, ಭಾರ, ಬಲಮಗ್ಗುಲು. ಆಗುವುದು: ಬೆರಳಲ್ಲಿ ಹಿಡಿಯುವುದು, ನಡೆಯುವುದು, ಮಾತು. ಮುಂದೆ ನೋಡಬೇಕಾದ್ದು: 7ನೇ ದಿನ, ಬಾವು ಇಳಿದಿರಬೇಕು, ಇಲ್ಲವಾದರೆ ಜ್ವರ.

ಐದು ಸಾಲಿನ ಚೀಟಿ ಸಾಕು. ಎಚ್‌ಪಿ, ಅಂದರೆ ಪಾತ್ರದಲ್ಲಿ ಎಷ್ಟು ಜೀವ ಉಳಿದಿದೆ ಎಂಬ ಆಟದ ಅಂಕಿಯಿಂದ, ಈ ಕೆಲಸ ಆಗುವುದಿಲ್ಲ. ನೂರರಲ್ಲಿ ಅರುವತ್ತು ಉಳಿದವನಿಗೆ ಬಾಗಿಲು ತೆಗೆಯಲಿಕ್ಕೆ ಆಗುತ್ತದೋ ಇಲ್ಲವೋ ಎಂದು ಅಂಕಿ ಹೇಳುವುದಿಲ್ಲ.

ಈಗ ನೋವಿಗೆ ಬರೋಣ. ನೋವಿಗೆ ಹೊತ್ತುಗೊತ್ತು ಉಂಟು, ಅದನ್ನು ಹಿಡಿದರೆ ಅರ್ಧ ಗೆದ್ದಂತೆ. ಹೊಸ್ತಿಲಿಗೆ ಕಾಲಿನ ಕಿರುಬೆರಳು ಎಡವಿದ್ದನ್ನು ನೆನಪು ಮಾಡಿಕೊಳ್ಳಿ. ಮೊದಲು ಚುರ್ ಎಂದು ಒಂದು ಸೂಜಿಮೊನೆಯ ನೋವು. ಆಮೇಲೆ ಒಂದು ಕ್ಷಣ ಏನೂ ಇಲ್ಲ, "ಈಗ ಬರುತ್ತದೆ" ಎಂದು ಗೊತ್ತಿರುತ್ತದೆ. ಅಷ್ಟರಲ್ಲಿ ಬಂತು, ಕಾಲನ್ನೇ ಹಿಂಡುವ ದೊಡ್ಡ ಬೇನೆ. ಇದು ಕಲ್ಪನೆಯಲ್ಲ. ನೋವನ್ನು ಒಯ್ಯುವ ನರತಂತುಗಳು ಎರಡು ಬಗೆ. ವೇಗದವು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತವೆ, ನಿಧಾನದವು ಅರ್ಧದಿಂದ 2 ಮೀಟರ್. ಕಾಲಿನಿಂದ ತಲೆಯವರೆಗಿನ ದಾರಿಗೆ ಎರಡನೆಯದಕ್ಕೆ ಒಂದೆರಡು ಸೆಕೆಂಡು ಬೇಕಾಗುತ್ತದೆ. ಆ ಖಾಲಿ ಕ್ಷಣವನ್ನು ಬರೆಯಿರಿ. ಗಾಯ ಕಾಲಿಗಾದರೆ ಅದು ಉದ್ದ, ಮುಖಕ್ಕಾದರೆ ಇಲ್ಲವೆಂಬಷ್ಟು ಗಿಡ್ಡ.

ಕಾಳಗದ ನಡುವೆಯಾದರೆ ಆ ಎರಡನೇ ನೋವು ಎಷ್ಟೋ ಹೊತ್ತು ಬಾರದೆಯೂ ಇರಬಹುದು. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯ ದೊಡ್ಡ ಗಾಯಗಳಾಗಿದ್ದ ಸೈನಿಕರನ್ನು ರಣರಂಗದ ಹತ್ತಿರದ ಆಸ್ಪತ್ರೆಯಲ್ಲಿ ನೇರವಾಗಿ ವಿಚಾರಿಸಿದ. ನೋವಿಗೆ ಔಷಧ ಬೇಕು ಎಂದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅದನ್ನು ಅವನು 1946ರಲ್ಲಿ ಪ್ರಕಟಿಸಿದ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲು ಉಂಟು, ಮಿದುಳು ಅದನ್ನು ಮೇಲಿನಿಂದ ಮುಚ್ಚಬಲ್ಲದು ಎಂದು ವಿವರಿಸಿದರು. ಆದಕಾರಣ ಪೆಟ್ಟು ತಿಂದವನು ಆ ಕ್ಷಣದಲ್ಲೇ ಬೊಬ್ಬೆ ಹೊಡೆಯಬೇಕೆಂದಿಲ್ಲ. ಯಾರೋ ಗುದ್ದಿದರು ಎಂದುಕೊಳ್ಳುತ್ತಾನೆ, ಕೈ ಒದ್ದೆಯಾಯಿತು ಎಂದುಕೊಳ್ಳುತ್ತಾನೆ. ನೋವು ಬರುವುದು ಅಪಾಯ ದಾಟಿದ ಮೇಲೆ, ಕುಳಿತಾಗ, ಯಾರಾದರೂ "ಏನಾಯ್ತು ಮಾರಾಯಾ ನಿನಗೆ" ಎಂದು ಕೇಳಿದಾಗ. ಆದರೆ ಇದನ್ನು ಮೂರು ದಿನಕ್ಕೆ ಎಳೆಯಬೇಡಿ. ಮರುದಿನ ಬೆಳಿಗ್ಗೆ ಮೈ ಮರದ ಕೊರಡಾಗಿರುತ್ತದೆ. ಬಾವು ಎರಡನೇ ಮೂರನೇ ದಿನಕ್ಕೆ ಹೆಚ್ಚಿ ಆಮೇಲೆ ಇಳಿಯುತ್ತದೆ. ರಾತ್ರಿ ಹಗಲಿಗಿಂತ ಕಷ್ಟ, ಗಮನ ಹರಿಸಲಿಕ್ಕೆ ಬೇರೆ ಏನೂ ಇರುವುದಿಲ್ಲವಲ್ಲ.

ಮಾತೇ ಸಿಗುವುದಿಲ್ಲ ಎಂದಿರಿ. ಕನ್ನಡದಲ್ಲಿ, ಅದರಲ್ಲೂ ನಮ್ಮ ಕಡೆಯ ಕನ್ನಡದಲ್ಲಿ, ನೋವಿನ ಮಾತಿಗೆ ಬರಗಾಲವಿಲ್ಲ. ಯಾವ ಮಾತು ಯಾವ ಅಂಗಕ್ಕೆ ಎಂಬುದು ಗೊತ್ತಿದ್ದರಾಯಿತು. ಮನೆಯ ಹಿರಿಯರು ವೈದ್ಯರ ಹತ್ತಿರ ಮಾತಾಡುವುದನ್ನು ಕಿವಿಗೊಟ್ಟು ಕೇಳಿ. "ನೋವು" ಎಂದು ಸುಮ್ಮನೆ ಬಿಡುವುದಿಲ್ಲ. ನರದ್ದಾದರೆ ಸೆಳೆತ, ಸೊಂಟದಿಂದ ಹಿಮ್ಮಡಿವರೆಗೆ ಛಳಕ್ಕೆಂದು ಹೊಡೆಯುವುದು, ಜೋಮು, ಇರುವೆ ಹರಿದ ಹಾಗೆ. ಎಲುಬಿನದ್ದಾದರೆ ಒಳಗಿಂದ ಕೊರೆತ. ಅಲುಗಿಸಿದರೆ ಮಾತ್ರ ಜೀವ ಹೋಗುವಂತೆ. ಸುಟ್ಟದ್ದಕ್ಕೆ ಉರಿ, ಮೆಣಸು ಅರೆದ ಕೈಯ ಉರಿ ಬೇರೆ, ಗೇರುಬೀಜದ ಸೊನೆ ತಾಗಿ ಚರ್ಮ ಬೊಬ್ಬೆ ಬಂದದ್ದರ ಉರಿ ಬೇರೆ. ಕೀವು ತುಂಬಿದ ಬೆರಳು ಎದೆಬಡಿತದ ತಾಳಕ್ಕೆ ಸರಿಯಾಗಿ ಪಟಪಟ ಮಿಡಿಯುತ್ತದೆ, ಕೈ ಕೆಳಗೆ ಬಿಟ್ಟರೆ ಜೋರು, ಮೇಲೆ ಹಿಡಿದರೆ ಕಡಿಮೆ. ಉಳುಕಿದ ಕಾಲು ಊರಿದಾಗ ಚುಳ್ ಎನ್ನುತ್ತದೆ. ಹೊಟ್ಟೆಯದ್ದು ನುಲಿತ, ಮುರಿತ. ಮೆಲ್ಜಾಕ್ 1975ರಲ್ಲಿ ಇಂಗ್ಲಿಷಿನಲ್ಲಿ ಇಂಥ ನೋವಿನ ಮಾತುಗಳನ್ನೇ ಗುಂಪು ಮಾಡಿ ಒಂದು ಪ್ರಶ್ನಾವಳಿ ತಯಾರಿಸಿದ. ವೈದ್ಯರು ಇಂದಿಗೂ ಬಳಸುತ್ತಾರೆ. ನಿಮ್ಮ ಗುಂಪೂ ಒಂದು ಸಂಜೆ ಕುಳಿತು ಹೀಗೆ ಕನ್ನಡದ ಪಟ್ಟಿಯೊಂದನ್ನು ಮಾಡಬಹುದು. "ಸೊನ್ನೆಯಿಂದ ಹತ್ತರಲ್ಲಿ ಎಂಟು" ಎಂಬ ಆಸ್ಪತ್ರೆಯ ಅಂಕಿ ಪಾತ್ರದ ಹೊರಗಿನ ಮಾತುಕತೆಗೆ, ಅಂದರೆ ಓಓಸಿಗೆ ಒಳ್ಳೆಯದು. ಕೋಟೆಯ ಕಾವಲುಗಾರನ ಬಾಯಲ್ಲಿ ಬರಬಾರದು.

ಮಾತಿಗಿಂತ ಮೈಯ ಭಂಗಿ ಹೆಚ್ಚು ಹೇಳುತ್ತದೆ. ಹೊಟ್ಟೆಯ ಎರಡು ನೋವನ್ನು ಹೋಲಿಸಿ. ಮೂತ್ರದ ಕಲ್ಲು ಇಳಿಯುವವನು ಒಂದು ಕಡೆ ನಿಲ್ಲಲಾರ. ಎದ್ದು ಕುಳಿತು ಹೊರಳಿ ಚಾಪೆಯ ತುಂಬ ಒದ್ದಾಡುತ್ತಾನೆ. ಹೊಟ್ಟೆಗೆ ಇರಿತವಾಗಿ ಒಳಗೆ ಕರುಳಿನ ಹೊಲಸು ಸೋರಿದವನು ಅಲುಗಾಡುವುದೇ ಇಲ್ಲ. ಮಂಡಿ ಮಡಚಿ, ಉಸಿರನ್ನು ಮೇಲೆಮೇಲೆ ತೆಗೆದುಕೊಂಡು, ಯಾರಾದರೂ ಮಂಚಕ್ಕೆ ತಾಗಿದರೂ ಮುಖ ಕಿವುಚುತ್ತಾನೆ. ಇರಿತ ತಿಂದವನನ್ನು ಹೊರಳಾಡಿಸಿ ಬರೆದಿರಾದರೆ ತಿಳಿದವರಿಗೆ ನಗು ಬರುತ್ತದೆ.

ನಿಮ್ಮ "ಅಯ್ಯೋ ಅಮ್ಮಾ" ಪಾತ್ರಕ್ಕೂ ಇದೇ ಉತ್ತರ. ಕಾಲು ಮುರಿದವರು ಕಿರುಚುವುದು ಬಿದ್ದಾಗ ಒಮ್ಮೆ, ಯಾರಾದರೂ ಎತ್ತುವಾಗ ಒಮ್ಮೆ, ಕಾಲನ್ನು ನೇರ ಮಾಡುವಾಗ ಒಮ್ಮೆ. ಉಳಿದ ಹೊತ್ತು ಎರಡೂ ಕೈಯಿಂದ ಮಂಡಿಯ ಕೆಳಗೆ ಹಿಡಿದು, ಮೈ ಬೆವರಿ, "ಮುಟ್ಟಬೇಡಿ, ಸ್ವಲ್ಪ ನಿಲ್ಲಿ" ಎಂದು ಸಣ್ಣ ದನಿಯಲ್ಲಿ ಹೇಳುತ್ತಿರುತ್ತಾರೆ. ಪಕ್ಕೆಲುಬು ಮುರಿದವರಿಗಂತೂ ಕಿರುಚಲಿಕ್ಕೆ ಉಸಿರೇ ಸಾಲದು. ಮೂರು ಮಾತಿಗೊಮ್ಮೆ ನಿಲ್ಲುತ್ತಾರೆ, ನಗಲಿಕ್ಕೆ ಹೆದರುತ್ತಾರೆ, ಸೀನು ಬಂದರೆ ದೇವರೇ ಗತಿ. ಸಂಭಾಷಣೆಯ ಸಾಲನ್ನು ಗಿಡ್ಡ ಮಾಡಿದರೆ ಪಕ್ಕೆಲುಬು ತನ್ನಿಂದ ತಾನೇ ಬರೆದುಕೊಂಡಿತು.

ಕೋಟೆಗೋಡೆಯ ವಿಷಯದಲ್ಲಿ ಒಂದು ಸೂಕ್ಷ್ಮ. ಬೇಕಲದ ಗೋಡೆ ಮುರಕಲ್ಲಿನದು. ಆ ಕಲ್ಲು ತೂತುತೂತು, ತುರಿಮಣೆಯ ಹಾಗೆ. ಜಾರಿ ಬಿದ್ದವಳ ಅಂಗೈ, ಮೊಣಕೈ, ಕೆನ್ನೆ ತರಚಿ, ಗಾಯದೊಳಗೆ ಕೆಂಪು ಹುಡಿ ಕೂತಿರುತ್ತದೆ. ತೊಳೆದಷ್ಟೂ ಕೆಂಪು ನೀರೇ ಬರುತ್ತದೆ. ರಕ್ತ ಯಾವುದು, ಮಣ್ಣು ಯಾವುದು ಎಂದು ತಿಳಿಯುವುದಿಲ್ಲ. ಮುರಿದ ಕಾಲಿಗಿಂತ ಈ ತರಚು ಮೊದಲ ದಿನ ಹೆಚ್ಚು ಉರಿಯುತ್ತದೆ. ಇನ್ನೊಂದು: ಎತ್ತರದಿಂದ ಕಾಲೂರಿ ಬಿದ್ದವರಿಗೆ ಹಿಮ್ಮಡಿ ಎಲುಬಿನ ಜೊತೆಗೆ ಸೊಂಟದ ಮೇಲಿನ ಬೆನ್ನೆಲುಬೂ ಜಜ್ಜಿರುವುದುಂಟು. ಹಿಮ್ಮಡಿ ಮುರಿದದ್ದು ಕಂಡರೆ ವೈದ್ಯರು ಬೆನ್ನನ್ನೂ ಪರೀಕ್ಷಿಸುವುದು ಅದಕ್ಕೇ. ನಿಮ್ಮ ಪಾತ್ರ ಎರಡನೇ ದಿನ "ಕಾಲಲ್ಲ, ಬೆನ್ನು" ಎಂದು ಹೇಳಿದರೆ ಕಥೆಗೆ ಒಳ್ಳೆಯ ತಿರುವು.

ಮಂಡಿಯ ಕೆಳಗಿನ ಕಾಲೆಲುಬು ಕೂಡಲಿಕ್ಕೆ ಮೂರರಿಂದ ನಾಲ್ಕು ತಿಂಗಳು, ತೊಡೆಯದಕ್ಕೆ ನಾಲ್ಕರಿಂದ ಆರು. ಮಣಿಕಟ್ಟಿಗೆ, ಪಕ್ಕೆಲುಬಿಗೆ ಸುಮಾರು ಆರು ವಾರ. ಕಟ್ಟು ಬಿಚ್ಚಿದ ದಿನ ಓಡಿಸಬೇಡಿ. ಆ ಕಾಲು ಇನ್ನೊಂದಕ್ಕಿಂತ ಸಣಕಲಾಗಿರುತ್ತದೆ, ಪಾದದ ಗಂಟು ಮಡಚುವುದಿಲ್ಲ, ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ನಿಮ್ಮ ಕಾಲಮಾನದಲ್ಲಿ ಪ್ಲಾಸ್ಟರ್ ಇಲ್ಲವೆಂಬುದೂ ನೆನಪಿರಲಿ. ಶಿವಪ್ಪ ನಾಯಕ ಬೇಕಲ ಕೋಟೆ ಕಟ್ಟಿಸಿದ್ದು 1650ರ ಸುಮಾರಿಗೆ, ಹೈದರಾಲಿಯ ಕೈಗೆ ಅದು ಹೋದದ್ದು 1763ರಲ್ಲಿ. ಪ್ಲಾಸ್ಟರ್ ಪಟ್ಟಿ ಬಂದದ್ದು 1850ರ ದಶಕದಲ್ಲಿ, ಈಥರಿನ ಅರಿವಳಿಕೆ 1846ರಲ್ಲಿ, ಲಿಸ್ಟರನ ಕ್ರಿಮಿನಾಶಕ ಶಸ್ತ್ರಚಿಕಿತ್ಸೆ 1867ರಲ್ಲಿ, ಪೆನಿಸಿಲಿನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ನಿಮ್ಮ ಹೀಲರ್, ಅಂದರೆ ಗಾಯ ವಾಸಿಮಾಡುವ ಪಾತ್ರದ, ಹತ್ತಿರ ಇರಬಹುದಾದ್ದು ಬಿದಿರಿನ ದಬ್ಬೆ, ಅಡಿಕೆ ಹಾಳೆ, ಬಟ್ಟೆ, ಎಣ್ಣೆ, ಅಫೀಮು. ಒದ್ದೆ ಮಾಡಿದ ಹಾಳೆ ಕಾಲಿನ ಆಕಾರಕ್ಕೆ ಬಗ್ಗುತ್ತದೆ, ಒಣಗಿದಾಗ ಬಿಗಿಯುತ್ತದೆ, ಪೋಸ್ಟ್‌ಗೆ ಬೇಕಾದಷ್ಟಾಯಿತು. ತಪ್ಪುವುದು ಎಲ್ಲಿ? ದಬ್ಬೆಯನ್ನು ಮುರಿದ ಜಾಗಕ್ಕೆ ಮಾತ್ರ ಕಟ್ಟಿಸುತ್ತಾರೆ. ಮುರಿತದ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಹಿಡಿಯಬೇಕು. ಬಾವು ಏರಿದ ಮೇಲೆ ಕಟ್ಟು ಬಿಗಿಯಾಗಿ ಕಾಲ್ಬೆರಳು ತಣ್ಣಗಾದರೆ, ಮರಗಟ್ಟಿದರೆ, ಸಡಿಲಿಸಲೇಬೇಕು. ಹೀಲರ್ ಗಂಟೆಗೊಮ್ಮೆ ಬಂದು ಬೆರಳು ಮುಟ್ಟಿ ನೋಡುವುದೇ ಒಂದು ದೃಶ್ಯ.

ರಕ್ತ. ಅರುವತ್ತು ಕಿಲೋ ತೂಗುವವರ ಮೈಯಲ್ಲಿ ನಾಲ್ಕು ಲೀಟರ್ ಚಿಲ್ಲರೆ ರಕ್ತ. ರಕ್ತದಾನದಲ್ಲಿ 350 ಎಂ.ಎಲ್. ಕೊಟ್ಟು ಚಹಾ ಕುಡಿದು ಮನೆಗೆ ಹೋಗುತ್ತೇವೆ. ಆರುನೂರರವರೆಗೆ ಹೋದರೂ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಅಲ್ಲಿಂದ ಒಂದೂಕಾಲು ಲೀಟರಿನವರೆಗೆ ಎದೆಬಡಿತ ನೂರು ದಾಟುತ್ತದೆ, ಮನುಷ್ಯ ಚಡಪಡಿಸುತ್ತಾನೆ, ಮೈ ತಣ್ಣಗೆ ಬೆವರುತ್ತದೆ, ಬಾಯಾರಿಕೆ. ಅದನ್ನು ಮೀರಿದರೆ ಮಾತು ತಪ್ಪುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಒಂದೂಮುಕ್ಕಾಲು ಲೀಟರಿನ ಆಚೆಗೆ ತೂಕಡಿಕೆ, ಚಳಿ, ಕೊನೆ. ನೋಡಿ, "ನೋವು" ಎಂಬ ಮಾತು ಈ ಸಾಲಿನಲ್ಲಿ ಎಲ್ಲೂ ಬರಲಿಲ್ಲ. ರಕ್ತ ಹೋಗುತ್ತಿರುವವನು ಕೇಳುವುದು ನೀರು. ಚಡಪಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದ ಎಂದರೆ ಗುಣವಾಯಿತು ಎಂದಲ್ಲ. ಜೊತೆಗಿರುವ ಪಾತ್ರಗಳು ಇದನ್ನು ತಪ್ಪಾಗಿ ತಿಳಿದುಕೊಳ್ಳಲಿ, ಓದುವವರ ಎದೆ ಹೊಡೆದುಕೊಳ್ಳುತ್ತದೆ. ಇನ್ನು ನೆಲದ ಮೇಲೆ ಚೆಲ್ಲಿದ ಒಂದು ಲೋಟ ರಕ್ತ ಕೊಡದಷ್ಟು ಕಾಣುತ್ತದೆ. ತೊಡೆಯೆಲುಬು ಮುರಿದಾಗ ಒಂದು ಲೀಟರಿಗೂ ಮೀರಿ ತೊಡೆಯೊಳಗೇ ಸೋರಿ ಹೊರಗೆ ಹನಿಯೂ ಕಾಣದಿರಬಹುದು. "ರಕ್ತದ ಕೋಡಿ ಹರಿಯಿತು" ಎಂಬುದು ಅಳತೆಯಲ್ಲ. ಚಿಮ್ಮಿತೋ, ಹರಿಯಿತೋ, ಜಿನುಗಿತೋ ಹೇಳಿ. ಎದೆಬಡಿತಕ್ಕೆ ಸರಿಯಾಗಿ ಚಿಮ್ಮಿದರೆ ನಿಮಿಷಗಳ ಲೆಕ್ಕ. ಬಟ್ಟೆ ಇಟ್ಟು ಮೈಭಾರ ಹಾಕಿ ಒತ್ತಬೇಕು, ಹತ್ತು ನಿಮಿಷ ಎತ್ತಿ ನೋಡಬಾರದು. ಬಾಣ ನೆಟ್ಟಿದ್ದರೆ ಕೀಳಿಸಬೇಡಿ. ಅದೇ ತೂತಿಗೆ ಬಿರಡೆ. ಬಾಣ ಕಿತ್ತು ಬಿಸಾಡಿ ಮುಂದೆ ನಡೆಯುವ ವೀರ ಹತ್ತು ಹೆಜ್ಜೆಯಲ್ಲಿ ಬೀಳಬೇಕು.

ತಲೆಯ ಏಟಿನ ಜಗಳದಲ್ಲಿ "ಆಗುವುದಿಲ್ಲ" ಎಂದವರು ಗೆದ್ದರು. ತಲೆಗೆ ಹೊಡೆದು ಬೇಕಾದಷ್ಟು ಹೊತ್ತಿಗೆ ಮಲಗಿಸುವ ಅಳತೆ ಯಾರ ಕೈಯಲ್ಲೂ ಇಲ್ಲ. ಸಾಮಾನ್ಯ ಏಟಿಗೆ ಎಚ್ಚರ ತಪ್ಪುವುದೇ ಕಡಿಮೆ, ತಪ್ಪಿದರೂ ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅರ್ಧ ಗಂಟೆ ಮೀರಿ ಎಚ್ಚರವಿಲ್ಲವೆಂದರೆ ವೈದ್ಯರು ಅದನ್ನು ಸಣ್ಣ ಏಟೆಂದು ಕರೆಯುವುದೇ ಇಲ್ಲ. ಎದ್ದರೂ ಮೊದಲಿನ ಮನುಷ್ಯನಾಗಿ ಏಳಲಿಕ್ಕಿಲ್ಲ. ಕಾವಲುಗಾರ ಒಂದು ನಿಮಿಷದಲ್ಲಿ ಕಣ್ಣು ಬಿಡಲಿ, ಆದರೆ ಎಡವಟ್ಟಾಗಿ: "ನಾನೆಲ್ಲಿದ್ದೇನೆ" ಎಂದು ಕೇಳುತ್ತಾನೆ, ಉತ್ತರ ಹೇಳಿದ ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳುತ್ತಾನೆ. ವಾಂತಿ, ಬೆಳಕು ಕಂಡರಾಗದು, ಹೊಡೆದವರ ಮುಖ ನೆನಪಿಲ್ಲ. ನಿಮ್ಮ ಕಥೆಗೆ ಬೇಕಾದ್ದು ಇದೇ ತಾನೆ? ಸಾಲದಿದ್ದರೆ ಬಾಯಿಗೆ ಬಟ್ಟೆ ತುರುಕಿ ಕಂಬಕ್ಕೆ ಕಟ್ಟಿಹಾಕಿ, ಖರ್ಚಿಲ್ಲ. ಇನ್ನೂ ಕ್ರೂರವಾದದ್ದು ಬೇಕಾದರೆ ಹೀಗೂ ಆಗುವುದುಂಟು. ಎದ್ದು ಸರಿಯಾಗಿ ಮಾತಾಡಿ, ಗಂಜಿ ಉಂಡು, ಕೆಲವು ಗಂಟೆ ಕಳೆದ ಮೇಲೆ ತಲೆನೋವೆಂದು ಮಲಗಿ ಮತ್ತೆ ಏಳದವರು. ತಲೆಬುರುಡೆಯೊಳಗೆ ರಕ್ತ ಮೆಲ್ಲನೆ ತುಂಬಿದ್ದು.

ಹಾವು ಕಚ್ಚಿಸುವ ಆಸೆಯೂ ಒಂದು ದಿನ ಬಂದೀತು, ತೋಟದ ಊರಿನವರು. ಮೂರು ಹಾವಿಗೆ ಮೂರು ಬರವಣಿಗೆ. ಕೊಳಕುಮಂಡಲವಾದರೆ ಕೂಡಲೇ ಉರಿ, ಬಾವು, ಆಮೇಲೆ ವಸಡಿನಲ್ಲಿ ರಕ್ತ. ನಾಗರಹಾವಾದರೆ ಕಚ್ಚಿದಲ್ಲಿ ನೋವು ಬಾವು, ಹಿಂದೆಯೇ ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು. ಕಡಂಬಳ, ಅಂದರೆ ಕಟ್ಟುಹಾವು, ಆದರೆ ರಾತ್ರಿ, ಚಾಪೆಯಲ್ಲಿ ಮಲಗಿದವನಿಗೆ, ಕಚ್ಚಿದ್ದೇ ಗೊತ್ತಾಗದೆ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರೆ ರೆಪ್ಪೆ ಎತ್ತಲಾಗುವುದಿಲ್ಲ. ಬಾಯಿಂದ ವಿಷ ಹೀರುವುದು ಬೇಡ, ಆಟದಲ್ಲೂ ಹೊರಗೂ. ಹೊರಗಾದರೆ ಕಚ್ಚಿದ ಕೈಕಾಲು ಅಲುಗಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರ ಹೋಗುವುದು.

ಆ ಕಾಲದಲ್ಲಿ ಗಾಯ ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಆದ ದಿನವಲ್ಲ, ಆಮೇಲೆ. ಸೀಸದ ಗುಂಡು ಒಳಹೋಗುವಾಗ ಅಂಗಿಯ ಚೂರನ್ನೂ ಎಳೆದುಕೊಂಡು ಹೋಗುತ್ತದೆ, ಅದು ಒಳಗೆ ಕೊಳೆಯುತ್ತದೆ. ಮೂರನೇ ನಾಲ್ಕನೇ ದಿನ ಗಾಯದ ಸುತ್ತ ಕೆಂಪು, ಬಿಸಿ, ವಾಸನೆ, ನಡುಕದ ಜ್ವರ. ಒಂದು ವಾರ ಕಳೆದು, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ, "ಬಾಯಿ ತೆರೆಯಲಿಕ್ಕೆ ಆಗುತ್ತಿಲ್ಲ" ಎಂದರೆ ಧನುರ್ವಾಯು. ಕಂದಿದ ಗಾಯ ಕೆಂಪು, ನೀಲಿ, ಹಸಿರು, ಹಳದಿ ಎಂದು ಎರಡು ವಾರ ಬಣ್ಣ ಬದಲಿಸುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಮೈಬಣ್ಣದಲ್ಲಿ ಅದರ ಅರ್ಧವೂ ಕಾಣುವುದಿಲ್ಲ. ಕಪ್ಪಗೆ ಕಂದಿರುತ್ತದೆ, ಮುಟ್ಟಿದಾಗ ಗೊತ್ತಾಗುತ್ತದೆ.

ಈಗ ಒಂದು ಪೋಸ್ಟ್ ತಿದ್ದಿ ನೋಡೋಣ. ಮೊದಲಿನದು ಹೀಗಿರುತ್ತದೆ: "ದುಗ್ಗಪ್ಪನ ಭುಜಕ್ಕೆ ಕತ್ತಿ ಬಿತ್ತು. ತಡೆಯಲಾಗದ ನೋವು. ರಕ್ತ ಕೋಡಿಯಾಗಿ ಹರಿಯಿತು. ಆದರೂ ಹಲ್ಲು ಕಚ್ಚಿ ಎದುರಾಳಿಯನ್ನು ಕೊಂದ." ತಿದ್ದಿದ್ದು:

"ದುಗ್ಗಪ್ಪನಿಗೆ ಮೊದಲು ಗೊತ್ತಾದದ್ದು ಕತ್ತಿ ಕೆಳಗೆ ಬಿದ್ದ ಸದ್ದು. ತನ್ನದೇ ಕತ್ತಿ. ಬಗ್ಗಿ ಹಿಡಿದ, ಬೆರಳು ಮಡಚಿತು, ತೋಳು ಮೇಲೆ ಬರಲಿಲ್ಲ. ಅಂಗಿಯೊಳಗೆ ಏನೋ ಬೆಚ್ಚಗೆ ಮೊಣಕೈವರೆಗೆ ಇಳಿಯಿತು. ಎಡಗೈಯಿಂದ ಬಲಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಒರಗಿದ. 'ಸಂಕಪ್ಪಣ್ಣಾ, ನನ್ನ ಬಲಕ್ಕೆ ಬಾ.'"

ನೋವೆಂಬ ಶಬ್ದ ಇಲ್ಲ. ಎದುರಾಳಿ ಸತ್ತನೋ ಇಲ್ಲವೋ ಎಂಬುದೂ ಇಲ್ಲ, ಅದು ಎದುರಾಳಿಯನ್ನು ಆಡುವವರ ಹಕ್ಕು. ಸಂಕಪ್ಪನಿಗೆ ಕೆಲಸ ಸಿಕ್ಕಿದೆ. ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ತನ್ನ ಮಾತು ಹೇಳಿ ನಿಲ್ಲಿಸುತ್ತಾನೆ. ಎದುರಿನವನು ಏನು ಹೇಳಬೇಕು, ಎಷ್ಟು ನೊಂದುಕೊಳ್ಳಬೇಕು ಎಂದು ತಾನೇ ತೀರ್ಮಾನ ಮಾಡುವುದಿಲ್ಲ. ಇಂಗ್ಲಿಷ್ ಗುಂಪುಗಳಲ್ಲಿ ಪವರ್‌ಪ್ಲೇ ಎಂದು ಬೈಯುವುದು ಆ ಮೇರೆ ಮೀರಿದ್ದನ್ನೇ. ಹೊಡೆಯುವವರು "ಭುಜಕ್ಕೆ ಬೀಸಿದ" ಎಂದಷ್ಟೇ ಬರೆಯಲಿ. ತಾಗಿತೋ, ಎಷ್ಟು ಆಳಕ್ಕೆ ಎಂಬುದು ಪೆಟ್ಟು ತಿನ್ನುವವರದು. ಆದರೆ ತಾಗಲೇ ಇಲ್ಲ ಎಂದು ಹತ್ತು ಸಲ ತಪ್ಪಿಸಿಕೊಳ್ಳುವವರಿಗೂ ಗಾಡ್‌ಮೋಡಿಂಗ್ ಎಂಬ ಬೈಗುಳ ಉಂಟು. ತಾಳಮದ್ದಳೆಯಿಂದ ಒಂದನ್ನು ಮಾತ್ರ ತರಬೇಡಿ: ಎದೆಗೆ ಬಾಣ ನೆಟ್ಟ ಮೇಲೂ ಅರ್ಧ ಗಂಟೆ ಅರ್ಥ ಹೇಳುವುದು. ಅಲ್ಲಿ ಅದು ಚಂದ. ನಿಜಕ್ಕೆ ಹತ್ತಿರ ಬೇಕೆಂದು ಹೊರಟವರಿಗೆ ಐದು ಶಬ್ದ ಸಾಕು.

ಗಾಯವನ್ನು ಪ್ರತಿ ಪೋಸ್ಟ್‌ನಲ್ಲೂ ಒಂದು ಸಾಲಿಗಿಂತ ಹೆಚ್ಚು ಮುಟ್ಟಬೇಡಿ, ಬಿಡಲೂ ಬೇಡಿ. ಜೊತೆಗೆ ಆಟ ಶುರುವಾಗುವ ಮೊದಲೇ ಯಾರಿಗೆ ಏನು ಬೇಡ ಎಂದು ಓಓಸಿಯಲ್ಲಿ ಕೇಳಿಕೊಳ್ಳಿ. ಕಣ್ಣು, ಉಗುರು, ಮಕ್ಕಳ ಗಾಯ, ಹಿಂಸೆ ಕೊಡುವ ದೃಶ್ಯ, ಕೆಲವರಿಗೆ ಓದಲಿಕ್ಕೆ ಆಗುವುದಿಲ್ಲ, ಮನೆಯಲ್ಲಿ ಅಪಘಾತ ಕಂಡವರಿರಬಹುದು. "ತೆರೆ" ಎಂದು ಯಾರಾದರೂ ಒಂದು ಮಾತು ಟೈಪ್ ಮಾಡಿದರೆ ಅಲ್ಲಿಗೆ ತೆರೆ ಹಿಡಿದು, ಮುಂದಿನ ಪೋಸ್ಟ್ ಕಥೆಯ ಮರುದಿನ ಬೆಳಿಗ್ಗೆಯಿಂದ. ಕಾರಣ ಕೇಳಬಾರದು.

ದುಗ್ಗಪ್ಪ 6ನೇ ದಿನಕ್ಕೆ ಹೊಡೆದಾಡಿದ್ದನ್ನು ಅಳಿಸಬೇಕಾಗಿಲ್ಲ. ಹಸಿ ಗಾಯ ಇಟ್ಟುಕೊಂಡು ಕತ್ತಿ ಬೀಸಿದವರು ಇಲ್ಲದಿಲ್ಲ, ಬೆಲೆ ತೆತ್ತಿದ್ದಾರೆ ಅಷ್ಟೆ. ಚೀಟಿಯನ್ನು ಹೀಗೆ ತಿದ್ದಿ: 6ನೇ ದಿನ ಗಾಯ ಮತ್ತೆ ಬಿಚ್ಚಿತು, ಕಟ್ಟಿದ ಬಟ್ಟೆ ಮಾಂಸಕ್ಕೆ ಅಂಟಿದೆ, ಬಿಸಿನೀರಲ್ಲಿ ನೆನೆಸಿಯೇ ಬಿಡಿಸಬೇಕು. 8ನೇ ದಿನ ರಾತ್ರಿ ಜ್ವರ. ಆ ಬಟ್ಟೆ ಬಿಡಿಸುವ ಪೋಸ್ಟ್ ಯಾರು ಬರೆಯುವುದೆಂದು ಇಂದೇ ಮಾತಾಡಿಕೊಳ್ಳಿ.